ಉಪ್ಪುನೀರಿನ ಮೊದಲ ಟ್ಯಾಂಕಿಗೆ ಲೈವ್ ರಾಕ್ ಬೇಕೋ, ಡ್ರೈ ರಾಕ್ ಸಾಕೋ?

ಸಿಹಿನೀರಿನ ಅಕ್ವೇರಿಯಂ ಇಟ್ಟು ಅಭ್ಯಾಸವಾದವರಿಗೆ ಕಲ್ಲೆಂದರೆ ಅಲಂಕಾರ. ಉಪ್ಪುನೀರಿಗೆ ಬಂದ ಮೇಲೆ ಟ್ಯಾಂಕಿನ ಮುಖ್ಯ ಫಿಲ್ಟರ್ ಆ ಕಲ್ಲೇ. ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ ಎಲ್ಲವೂ ಕೊಳೆತು ಅಮೋನಿಯಾ ಆಗುತ್ತದೆ. ಕಲ್ಲಿನ ಮೈಮೇಲೂ ರಂಧ್ರಗಳಲ್ಲೂ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ಸರಿಯಾಗಿ ತಲುಪದ ಒಳಪದರದಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಾ ಆ ನೈಟ್ರೇಟಿನ ಒಂದಷ್ಟು ಪಾಲನ್ನು ಸಾರಜನಕ ಅನಿಲವಾಗಿಸಿ ಹೊರಗೆ ಕಳಿಸುತ್ತವೆ. ಈ ಬ್ಯಾಕ್ಟೀರಿಯಾ ಕಲ್ಲಿನ ಜೊತೆಗೇ ಬರಬೇಕೋ, ಟ್ಯಾಂಕಿನಲ್ಲೇ ಬೆಳೆಯಬೇಕೋ ಅನ್ನುವುದರ ಮೇಲೆ ಇಡೀ ಆಯ್ಕೆ ನಿಂತಿದೆ.

ಲೈವ್ ರಾಕ್ ಅಂದರೆ ಜೀವ ಇರುವ ಕಲ್ಲಲ್ಲ. ಸತ್ತ ಹವಳದ ಅಸ್ಥಿಪಂಜರ ಅಥವಾ ಸುಣ್ಣದ ಕಲ್ಲು ವರ್ಷಗಟ್ಟಲೆ ಸಮುದ್ರದಲ್ಲಿ ಬಿದ್ದಿದ್ದು ಅದರ ತುಂಬ ಬ್ಯಾಕ್ಟೀರಿಯಾ, ಸ್ಪಂಜು, ಹುಳು, ಚಿಕ್ಕ ಏಡಿ, ಗುಲಾಬಿ-ನೇರಳೆ ಬಣ್ಣದ ಕೋರಲೈನ್ ಪಾಚಿ ಎಲ್ಲ ಸೇರಿಕೊಂಡಿರುತ್ತದೆ. ಡ್ರೈ ರಾಕ್ ಕೂಡ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ಆದರೆ ಒಣಗಿದ್ದು. ಎಂದೋ ಸಮುದ್ರವಾಗಿದ್ದ ನೆಲದಿಂದ ಅಗೆದದ್ದು ಇರಬಹುದು, ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು ಇರಬಹುದು, ಹಳೆಯ ಟ್ಯಾಂಕಿನಿಂದ ತೆಗೆದು ಒಣಗಿಸಿದ್ದೂ ಇರಬಹುದು. ಈ ಮೂರನೆಯದರ ಬಗ್ಗೆ ಮುಂದೆ ಒಂದು ಎಚ್ಚರಿಕೆ ಇದೆ.

ಮೊದಲು ಕಾನೂನು

ಭಾರತದಲ್ಲಿ ಕುಳಿತು ಓದುತ್ತಿದ್ದರೆ ಅರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತದೆ. ಬಂಡೆ ಕಟ್ಟುವ ಎಲ್ಲ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಕೊಟ್ಟ ರಕ್ಷಣೆಯೇ ಇವಕ್ಕೂ ಇದೆ. ಸತ್ತ ಹವಳದ ತುಂಡಿಗೂ ಇದು ಅನ್ವಯಿಸುತ್ತದೆ. ನೇತ್ರಾಣಿಯಲ್ಲಿ ಮುಳುಗಿ ಎತ್ತಿದ್ದು, ಮನ್ನಾರ್ ಕೊಲ್ಲಿಯಿಂದಲೋ ಲಕ್ಷದ್ವೀಪದಿಂದಲೋ ಮೂಟೆಯಲ್ಲಿ ಬಂದದ್ದು, ಯಾವುದನ್ನೂ ಮುಟ್ಟುವ ಹಾಗಿಲ್ಲ. ಅಂಗಡಿಯಲ್ಲಿ ‘ಇಂಪೋರ್ಟೆಡ್ ಲೈವ್ ರಾಕ್’ ಎಂದು ತೋರಿಸಿದರೆ ಆಮದಿನ ಕಾಗದ ಕೇಳಿ. ಗಟ್ಟಿ ಹವಳ ಮತ್ತು ಅದರಿಂದಾದ ಲೈವ್ ರಾಕ್ ಅಳಿವಿನ ಭೀತಿಯ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ‘ಸೈಟ್ಸ್’ ಒಪ್ಪಂದದ ಎರಡನೇ ಅನುಬಂಧದಲ್ಲಿರುವುದರಿಂದ ಪರ್ಮಿಟ್ ಇಲ್ಲದೆ ಗಡಿ ದಾಟುವಂತಿಲ್ಲ. ಕಾಗದ ತೋರಿಸಲು ಹಿಂದೆಮುಂದೆ ನೋಡಿದರೆ ಬೆಲೆ ಕೇಳದೆ ಹೊರಟುಬಿಡಿ.

ಅಮೆರಿಕದಲ್ಲಿರುವ ಕನ್ನಡಿಗರ ಸ್ಥಿತಿ ಬೇರೆ. ಫ್ಲೋರಿಡಾದಲ್ಲಿ ಸಹಜ ಬಂಡೆಯಿಂದ ಕಲ್ಲು ಕೀಳುವುದನ್ನು 1990ರ ದಶಕದಲ್ಲೇ ನಿಲ್ಲಿಸಿದ್ದಾರೆ. ಈಗ ಅಲ್ಲಿ ಸಿಗುವುದು ‘ಸಾಕಿದ’ ಲೈವ್ ರಾಕ್: ನೆಲದ ಗಣಿಯಿಂದ ತಂದ ಸುಣ್ಣದ ಕಲ್ಲನ್ನು ಗುತ್ತಿಗೆಗೆ ಪಡೆದ ಸಮುದ್ರತಳದಲ್ಲಿ ಇಳಿಸಿ, ಕೆಲವು ವರ್ಷ ಬಿಟ್ಟು, ಜೀವಿಗಳು ಹತ್ತಿದ ಮೇಲೆ ಎತ್ತಿ ಮಾರುತ್ತಾರೆ. ಅದನ್ನು ಧೈರ್ಯವಾಗಿ ಕೊಳ್ಳಬಹುದು. ಒಂದೇ ತೊಡಕೆಂದರೆ ಈ ಕಲ್ಲು ಶಾಂತಸಾಗರದ ಹಗುರ ಕಲ್ಲಿಗಿಂತ ಭಾರ. ಅದೇ ತೂಕಕ್ಕೆ ಟ್ಯಾಂಕಿನಲ್ಲಿ ಕಡಿಮೆ ಜಾಗ ತುಂಬುತ್ತದೆ.

ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಹೊಸದಾಗಿ ಶುರುಮಾಡುವವರಿಗೆ ನಮ್ಮ ಸಲಹೆ ಡ್ರೈ ರಾಕ್. ಕಾನೂನು ಅಡ್ಡ ಬರದಿದ್ದರೂ ಬಹುಮಟ್ಟಿಗೆ ಇದನ್ನೇ ಹೇಳುತ್ತಿದ್ದೆವು. ಅದರಲ್ಲಿ ಉಳಿಯುವ ಹಣಕ್ಕೆ ಬದಲಾಗಿ ತಿಂಗಳುಗಳನ್ನು ಕೊಡಬೇಕಾಗುತ್ತದೆ ಅನ್ನುವುದನ್ನು ಮಾತ್ರ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ.

ಎಷ್ಟು, ಎಂಥದ್ದು

90×45×45 ಸೆಂ.ಮೀ. ಟ್ಯಾಂಕನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅಳತೆಯ ಪ್ರಕಾರ 182 ಲೀಟರ್. ಮೇಲೆ ಬಿಡುವ ಜಾಗ, ಮರಳು, ಕಲ್ಲು ಕಳೆದರೆ ಸುಮಾರು 150 ಲೀಟರ್ ನೀರು ಉಳಿಯುತ್ತದೆ. ಲೀಟರಿಗೆ 120 ಗ್ರಾಂ ಕಲ್ಲು ಎಂಬುದು ಹಳೆಯ ಲೆಕ್ಕ, ಅಂದರೆ 18 ಕಿಲೋ. ರಂಧ್ರ ಹೆಚ್ಚಿರುವ ಹಗುರ ಡ್ರೈ ರಾಕ್ ಆದರೆ 13–14 ಕಿಲೋ ಸಾಕು. ಗೋಡೆಯ ಹಾಗೆ ಕಲ್ಲು ಒಟ್ಟಿದರೆ ಹಿಂಬದಿಯಲ್ಲಿ ನೀರು ಓಡಾಡದೆ ಕಸ ಕೂರುತ್ತದೆ. ಮೂರು ತಿಂಗಳಿಗೆ ಅಲ್ಲಿಂದಲೇ ನೈಟ್ರೇಟ್ ಏರಲು ಶುರು.

ಕೊಳ್ಳುವಾಗ ಕಲ್ಲಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ತಕ್ಷಣ ಹೀರಿಕೊಂಡರೆ ಒಳಗೆ ರಂಧ್ರ ಇದೆ. ಹನಿ ಮಣಿಯಂತೆ ನಿಂತರೆ ಅಥವಾ ಜಾರಿ ಹೋದರೆ ಕಲ್ಲು ಗಟ್ಟಿ, ಇಲ್ಲವೇ ಮೇಲೆ ಬಣ್ಣದ ಲೇಪ ಇದೆ. ನೇರಳೆ ಬಣ್ಣ ಬಳಿದ ಕಲ್ಲಿಗೆ ಹೆಚ್ಚು ದುಡ್ಡು ಕೊಡಬೇಡಿ, ಮೂರು ತಿಂಗಳಲ್ಲಿ ಪಾಚಿ ಹತ್ತಿ ಎಲ್ಲ ಒಂದೇ ಬಣ್ಣವಾಗುತ್ತದೆ.

ನಮ್ಮ ಕಡೆಯ ಕಲ್ಲುಗಳ ಬಗ್ಗೆಯೂ ಕೇಳುವವರಿದ್ದಾರೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ ಹೌದು, ವಿನೆಗರ್ ಬಿಟ್ಟರೆ ನೊರೆಯುತ್ತದೆ, ಆದರೆ ಚಪ್ಪಡಿಯಂತೆ ಗಟ್ಟಿ. ಬ್ಯಾಕ್ಟೀರಿಯಾಗೆ ಮೇಲ್ಮೈ ಬಿಟ್ಟರೆ ಬೇರೆ ಜಾಗವಿಲ್ಲ. ಕರಾವಳಿಯ ಮುರಕಲ್ಲು ತದ್ವಿರುದ್ಧ: ಮೈತುಂಬ ತೂತು, ಕಣ್ಣಿಗೆ ಹೇಳಿ ಮಾಡಿಸಿದ ರೀಫ್ ರಾಕ್. ಅದರಲ್ಲಿರುವುದು ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡ್, ಸುಣ್ಣವಲ್ಲ. ಕೈಗೆ ಹತ್ತುವ ಕೆಂಪು ಪುಡಿ ವೇವ್‌ಮೇಕರ್ (ಟ್ಯಾಂಕಿನ ನೀರನ್ನು ಓಡಾಡಿಸುವ ಪಂಪ್) ಓಡಿದಾಗಲೆಲ್ಲ ನೀರಿಗೆ ಬಿಡುತ್ತಿರುತ್ತದೆ. ಎರಡನ್ನೂ ಮನೆ ಕಟ್ಟುವವರಿಗೇ ಬಿಡಿ.

ಅಗ್ಗಕ್ಕೆ ಸಿಗುವ ‘ರೀಫ್ ರಾಕ್’ ಎಷ್ಟೋ ಸಲ ಸಿಮೆಂಟಿನಲ್ಲಿ ಅಚ್ಚು ಹಾಕಿದ್ದು. ಅದರಲ್ಲಿ ತಪ್ಪೇನಿಲ್ಲ, ಆದರೆ ಹಸಿ ಸಿಮೆಂಟ್ ನೀರಿನ ಪಿಎಚ್ ಅನ್ನು 10ರ ಮೇಲಕ್ಕೆ ಒಯ್ಯಬಲ್ಲದು. ಒಂದು ತುಂಡನ್ನು ಆರ್‌ಒ ನೀರಿನಲ್ಲಿ 48 ಗಂಟೆ ನೆನೆಸಿ ಪಿಎಚ್ ನೋಡಿ. 8.6ಕ್ಕಿಂತ ಮೇಲಿದ್ದರೆ ವಾರಕ್ಕೆರಡು ಸಲ ನೀರು ಬದಲಿಸುತ್ತ ನೆನೆಹಾಕಿ. ಆರೆಂಟು ವಾರ ಹಿಡಿಯುವುದು ಸಾಮಾನ್ಯ.

ಡ್ರೈ ರಾಕ್ ತೊಳೆಯುವುದು

ಕಾರ್ಖಾನೆಯ ಹೊಸ ಕಲ್ಲಿಗೆ ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿ ಪುಡಿ ತೆಗೆದರೆ ಸಾಕು. ಹಳೆಯ ಟ್ಯಾಂಕಿನಿಂದ ಬಂದ ಕಲ್ಲು ಬೇರೆಯದೇ ಕಥೆ. ಅದರ ಒಳಗೆ ಸತ್ತು ಒಣಗಿದ ಸ್ಪಂಜು, ಹುಳು, ಪಾಚಿ ಇರುತ್ತದೆ. ಮೂಗಿಗೆ ಹಿಡಿದರೆ ಒಣಮೀನಿನ ವಾಸನೆ ಬರುವ ಕಲ್ಲು ಅದೇ. ನೀರಿಗೆ ಬಿದ್ದ ಕೂಡಲೇ ಮತ್ತೆ ಕೊಳೆಯಲು ಶುರುವಾಗುತ್ತದೆ.

ಅಂಥದ್ದಕ್ಕೆ ಬ್ಲೀಚ್ ಸ್ನಾನ ಬೇಕು. ವಾಸನೆ, ಬಣ್ಣ, ಸೋಪು ಬೆರೆಸದ ದ್ರವ ಬ್ಲೀಚ್ 1 ಪಾಲು, ನೀರು 10 ಪಾಲು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಎರಡು-ಮೂರು ದಿನ. ಆಮೇಲೆ ಚೆನ್ನಾಗಿ ತೊಳೆದು, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ ನೀರಿನಲ್ಲಿ ಒಂದು ದಿನ ಮುಳುಗಿಸಿ, ತಾರಸಿಯ ಬಿಸಿಲಿನಲ್ಲಿ ವಾರ ಒಣಗಿಸಿ. ಮೂಸಿದರೆ ಬ್ಲೀಚ್ ವಾಸನೆ ಕೊಂಚವೂ ಇರಬಾರದು. ಮೇಲ್ಪದರ ಕರಗಿಸಲು ಆಸಿಡ್‌ನಲ್ಲಿ ಅದ್ದುವವರೂ ಇದ್ದಾರೆ. ಹೊಸಬರಿಗೆ ಅದು ಬೇಡ. ಮಾಡಲೇಬೇಕೆಂದರೆ ಬ್ಲೀಚ್ ಪೂರ್ತಿ ಹೋದ ಮೇಲೆ, ಬಯಲಿನಲ್ಲಿ, ಕನ್ನಡಕ ಕೈಗವಸು ಹಾಕಿಕೊಂಡು, ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರನ್ನಲ್ಲ. ಬ್ಲೀಚೂ ಆಸಿಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಬಚ್ಚಲುಮನೆಯಲ್ಲಿ ಈ ಕೆಲಸ ಮಾಡಿ ಆಸ್ಪತ್ರೆ ಸೇರುವ ಅಗತ್ಯವಿಲ್ಲ.

ಇಷ್ಟಾದ ಮೇಲೂ ಫಾಸ್ಫೇಟ್ ಉಳಿದಿರಬಹುದು, ಏಕೆಂದರೆ ಸುಣ್ಣದ ಕಲ್ಲು ಫಾಸ್ಫೇಟನ್ನು ಮೈಗೆ ಅಂಟಿಸಿಕೊಂಡು ನಿಧಾನವಾಗಿ ಬಿಡುತ್ತದೆ. ಬಕೆಟ್ಟಿನಲ್ಲಿ ಉಪ್ಪುನೀರು ಮಾಡಿ, ಕಲ್ಲು ಮುಳುಗಿಸಿ, ಚಿಕ್ಕ ಪಂಪ್ ಓಡಿಸಿ ಮೂರು ದಿನದ ನಂತರ ಟೆಸ್ಟ್ ಮಾಡಿ. 0.25 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಮೀರಿ ಬಂದರೆ ನೀರು ಚೆಲ್ಲಿ ಮತ್ತೆ ನೆನೆಸಿ. ಈ ಹೆಜ್ಜೆ ಬಿಟ್ಟವರೇ ಆರು ತಿಂಗಳಾದ ಮೇಲೆ ‘ನೀರು ಎಷ್ಟು ಬದಲಿಸಿದರೂ ಹಸಿರು ಕೂದಲು ಪಾಚಿ ಹೋಗುತ್ತಿಲ್ಲ’ ಎಂದು ತಲೆ ಕೆಡಿಸಿಕೊಳ್ಳುವುದು.

ಜೋಡಿಸುವುದರಲ್ಲಿ ಡ್ರೈ ರಾಕ್‌ಗೆ ಸಾಟಿಯಿಲ್ಲ. ಲೈವ್ ರಾಕ್ ಹೊರಗಿದ್ದಷ್ಟೂ ಹೊತ್ತು ಅದರ ಸ್ಪಂಜುಗಳು ಸಾಯುತ್ತಿರುತ್ತವೆ, ಹಾಗಾಗಿ ಗಡಿಬಿಡಿಯಲ್ಲಿ ಒಟ್ಟಬೇಕು. ಒಣ ಕಲ್ಲನ್ನು ಟ್ಯಾಂಕಿನ ತಳದಷ್ಟೇ ಅಗಲದ ರಟ್ಟಿನ ಮೇಲಿಟ್ಟು ನಾಲ್ಕು ದಿನ ಆಡಿಸಬಹುದು, ಡ್ರಿಲ್ ಹಾಕಿ ಅಕ್ರಿಲಿಕ್ ಕಡ್ಡಿ ತೂರಿಸಬಹುದು, ಸೂಪರ್ ಗ್ಲೂ ಜೆಲ್ ಹಚ್ಚಿದ ಸಂದಿಗೆ ಒಣಮರಳು ಉದುರಿಸಿ ಕ್ಷಣದಲ್ಲಿ ಗಟ್ಟಿಮಾಡಬಹುದು. ಗಾಜಿನಿಂದ ಎಲ್ಲ ಬದಿಗೆ 7–8 ಸೆಂ.ಮೀ. ಬಿಡಿ, ಒರೆಸುವ ಮ್ಯಾಗ್ನೆಟ್ ಹೋಗಬೇಕು. ಕಲ್ಲನ್ನು ತಳದ ಮೇಲೆ ನೇರ ಕೂರಿಸಿ ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಇಟ್ಟರೆ ಬಿಲ ತೋಡುವ ಗೋಬಿ ಮೀನು ಒಂದು ರಾತ್ರಿ ಇಡೀ ಗುಡ್ಡವನ್ನು ಗಾಜಿಗೆ ಒರಗಿಸುತ್ತದೆ.

ಸೈಕಲ್ ನಡೆಸುವ ಬಗೆ

ಸೈಕಲ್ ಅಂದರೆ ಮೀನು ಬಿಡುವ ಮೊದಲು ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿಕೊಳ್ಳುವುದು. ಅದಕ್ಕೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಸೊನ್ನೆಗೆ ಬಂದ ಆರ್‌ಒ-ಡಿಐ ನೀರು, ಅಂದರೆ ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ತೆಗೆದ ನೀರು ಬೇಕು. ಬೋರ್‌ವೆಲ್ ನೀರಿನ ಗಡಸುತನ, ನೈಟ್ರೇಟ್, ಸಿಲಿಕೇಟ್ ಎಲ್ಲ ಟ್ಯಾಂಕಿನಲ್ಲಿ ಕೂಡುತ್ತ ಹೋಗುತ್ತವೆ. ಅಡುಗೆಮನೆಯ ಆರ್‌ಒ ನೀರಿಗೆ ರುಚಿಗೆಂದು ಖನಿಜ ಸೇರಿಸಿರುತ್ತಾರೆ, ಅದೂ ಬೇಡ. 150 ಲೀಟರಿಗೆ ಸಮುದ್ರದ ಉಪ್ಪಿನ ಮಿಶ್ರಣ ಸುಮಾರು 5.4 ಕಿಲೋ, ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಕೊಂಚ ಹೆಚ್ಚುಕಡಿಮೆ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರಬೇಕು, ಉಷ್ಣತೆ 26 ಡಿಗ್ರಿ. ಪಂಪ್ ಓಡಲಿ, ದೀಪ ಆರಿರಲಿ.

ಬ್ಯಾಕ್ಟೀರಿಯಾಗೆ ಊಟ ಅಮೋನಿಯಾ. ಅದಕ್ಕೆ ಒಳ್ಳೆಯ ಮೂಲ ಅಮೋನಿಯಂ ಕ್ಲೋರೈಡ್, ಕಲಾಯಿ ಹಾಕುವವರು ಪಾತ್ರೆಗೆ ಉಜ್ಜುವ ನವಸಾಗರ. ಆದರೆ ಆ ನವಸಾಗರವನ್ನೇ ತರಬೇಡಿ, ಅದರಲ್ಲಿ ಬೇರೆ ಲೋಹ ಬೆರೆತಿರಬಹುದು. ರಾಸಾಯನಿಕ ಅಂಗಡಿಯಲ್ಲಿ ಲ್ಯಾಬ್ ದರ್ಜೆಯದು ಸಿಗುತ್ತದೆ. ಚಿನ್ನ ತೂಗುವ ಪಾಕೆಟ್ ತಕ್ಕಡಿಯಲ್ಲಿ 10 ಗ್ರಾಂ ತೂಗಿ 1 ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿಡಿ. ಈ ದ್ರಾವಣದ 95 ಮಿ.ಲೀ. 150 ಲೀಟರಿನಲ್ಲಿ ಅಮೋನಿಯಾವನ್ನು ಸುಮಾರು 2 ಪಿಪಿಎಂಗೆ ತರುತ್ತದೆ. ಅಕ್ವೇರಿಯಂಗೆಂದೇ ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾವನ್ನು ಅದೇ ದಿನ ಹಾಕಿ. ಬಿಸಿಲಲ್ಲಿ ಬೆಂದು ಬಂದ, ಅವಧಿ ಮುಗಿದ ಬಾಟಲಿಯಿಂದ ಏನೂ ಆಗುವುದಿಲ್ಲ. ಜೊತೆಗೆ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿ. ಬ್ಯಾಕ್ಟೀರಿಯಾಗೂ ಸ್ವಲ್ಪ ಫಾಸ್ಫೇಟ್ ಬೇಕು, ಹೊಸ ಕಲ್ಲಿನಲ್ಲಿ ಅದು ಇಲ್ಲದಿರಬಹುದು.

ಎರಡು ದಿನಕ್ಕೊಮ್ಮೆ ಟೆಸ್ಟ್. ಅಮೋನಿಯಾ 0.25ಕ್ಕೆ ಇಳಿದಾಗ ಮತ್ತೆ ಅಷ್ಟೇ ದ್ರಾವಣ. ಮಧ್ಯೆ ಬೇಸರವಾಗಿ ಹೆಚ್ಚು ಸುರಿದು 5 ಪಿಪಿಎಂ ದಾಟಿಸಿದರೆ ಬ್ಯಾಕ್ಟೀರಿಯಾಗೇ ತೊಂದರೆ, ಇನ್ನೂ ತಡವಾಗುತ್ತದೆ. ಹಾಕಿದ 2 ಪಿಪಿಎಂ 24 ಗಂಟೆಯಲ್ಲಿ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ತೋರಿಸಿದ ದಿನ ಸೈಕಲ್ ಮುಗಿಯಿತು. ಒಳ್ಳೆಯ ಬ್ಯಾಕ್ಟೀರಿಯಾ ಸಿಕ್ಕರೆ ಎರಡು-ಮೂರು ವಾರ, ಇಲ್ಲವಾದರೆ ಆರೆಂಟು ವಾರ. ಪ್ರತಿ 1 ಪಿಪಿಎಂ ಅಮೋನಿಯಾ ಸುಮಾರು 3.6 ಪಿಪಿಎಂ ನೈಟ್ರೇಟ್ ಆಗುತ್ತದೆ. ನಾಲ್ಕು ಸಲ ದ್ರಾವಣ ಹಾಕಿದ್ದರೆ ಹೆಚ್ಚುಕಡಿಮೆ 29 ಪಿಪಿಎಂ ಕೂಡಿರುತ್ತದೆ, ಅರ್ಧ ನೀರು ಬದಲಿಸಿ ಮೀನು ಬಿಡಿ. ನೈಟ್ರೈಟ್ ಇರುವಾಗ ಮಾಡಿದ ನೈಟ್ರೇಟ್ ಟೆಸ್ಟನ್ನು ನಂಬಬೇಡಿ, ಅದು ಸುಳ್ಳು ಹೆಚ್ಚಳ ತೋರಿಸುತ್ತದೆ.

ಲೈವ್ ರಾಕ್ ಕೊಂಡರೆ

ಹೊರದೇಶದಲ್ಲಿದ್ದು, ಸಾಕಿದ ಕಲ್ಲು ಸಿಕ್ಕಿದರೆ ಅದರ ಲಾಭ ದೊಡ್ಡದೇ. ಬ್ಯಾಕ್ಟೀರಿಯಾಗೆ ಕಾಯಬೇಕಿಲ್ಲ, ಬಾಟಲಿಯಲ್ಲಿ ಎಂದೂ ಸಿಗದ ನೂರಾರು ಬಗೆಯ ಜೀವಿಗಳು ಒಟ್ಟಿಗೆ ಬರುತ್ತವೆ. ಆದರೆ ‘ಇವತ್ತು ಕಲ್ಲು, ನಾಳೆ ಮೀನು’ ಎಂಬುದು ನೀರಿನಲ್ಲೇ ಮುಳುಗಿಸಿ ತಂದ ಕಲ್ಲಿಗೆ ಮಾತ್ರ ಸ್ವಲ್ಪಮಟ್ಟಿಗೆ ನಿಜ. ಒದ್ದೆ ಪತ್ರಿಕೆಯಲ್ಲಿ ಸುತ್ತಿ ಪಾರ್ಸೆಲ್ ಬಂದ ಕಲ್ಲಿನ ಅರ್ಧ ಜೀವ ದಾರಿಯಲ್ಲೇ ಸತ್ತಿರುತ್ತದೆ.

ಅದನ್ನು ನೇರ ಟ್ಯಾಂಕಿಗೆ ಹಾಕದೆ ಬೇರೆ ಟಬ್ಬಿನಲ್ಲಿ ಇಡಿ: ಉಪ್ಪುನೀರು, ಹೀಟರ್, ಜೋರಾದ ಪಂಪ್, ಕತ್ತಲೆ. ಬಿಳಿ ಲೋಳೆ ಕಟ್ಟಿದ, ಕೊಳೆತ ಮೊಟ್ಟೆಯ ನಾತ ಬರುವ ಜಾಗವನ್ನು ಹಳೆಯ ಟೂತ್ ಬ್ರಷ್ಷಿನಿಂದ ಕೆರೆದು ತೆಗೆಯಿರಿ. ಅಮೋನಿಯಾ 1 ಪಿಪಿಎಂ ದಾಟಿದಾಗ ಅರ್ಧ ನೀರು ಬದಲಿಸಿ. ಮೂಸಿದಾಗ ಸಮುದ್ರತೀರದ ವಾಸನೆ ಮಾತ್ರ ಬಂದು, ಅಮೋನಿಯಾ ಮೂರು ದಿನ ಸೊನ್ನೆ ನಿಂತರೆ ಕಲ್ಲು ಸಿದ್ಧ. ಒಂದು ವಾರವೂ ಆಗಬಹುದು, ನಾಲ್ಕೂ ಆಗಬಹುದು. ಪಂಪ್ ನಿಂತರೆ ಕೊಳೆಯುವ ವಸ್ತು ಆಮ್ಲಜನಕವನ್ನೆಲ್ಲ ಎಳೆದುಕೊಂಡು ಉಳಿದದ್ದನ್ನೂ ಕೊಲ್ಲುತ್ತದೆ, ಅದಕ್ಕೆ ಬ್ಯಾಟರಿಯ ಏರ್ ಪಂಪ್ ಜೊತೆಗಿರಲಿ.

ಕರೆಯದೆ ಬರುವ ಅತಿಥಿಗಳು ಇನ್ನೊಂದು ತಲೆನೋವು. ರಾತ್ರಿ ಟಬ್ಬಿನಿಂದ ‘ಟಕ್, ಟಕ್’ ಸದ್ದು ಕೇಳಿದರೆ ಮ್ಯಾಂಟಿಸ್ ಸೀಗಡಿಯೋ ಪಿಸ್ತೂಲ್ ಸೀಗಡಿಯೋ ಇದೆ ಎಂದರ್ಥ. ಎರಡನೆಯದು ಪಾಪದ್ದು, ಮೊದಲನೆಯದು ಬಸವನಹುಳು, ಏಡಿ, ಮೀನು ಯಾವುದನ್ನೂ ಬಿಡುವುದಿಲ್ಲ. ಕಲ್ಲಿನ ಅದರ ಬಿಲಕ್ಕೆ ಸಿರಿಂಜಿನಲ್ಲಿ ಸೋಡಾ ನೀರು ಬಿಟ್ಟರೆ ಹೊರಗೆ ಹಾರುತ್ತದೆ. ಕಂದು ಬಣ್ಣದ ಚಿಕ್ಕ ತಾಳೆಮರದಂತಿರುವ ಏಪ್ಟೇಸಿಯಾವನ್ನು (ಒಂದು ಬಗೆಯ ಸೀ ಅನಿಮೋನ್, ಪ್ರಾಣಿ) ಚಿವುಟಬೇಡಿ. ಪ್ರತಿ ಚೂರೂ ಹೊಸ ಏಪ್ಟೇಸಿಯಾ ಆಗಬಲ್ಲದು. ಮೀನಿದ್ದ ಟ್ಯಾಂಕಿನಿಂದ ಬಂದ ಕಲ್ಲಿಗೆ ಬಿಳಿಚುಕ್ಕೆ ರೋಗದ ಪರಾವಲಂಬಿಯ ಕೋಶಗಳು ಅಂಟಿರಬಹುದು. ಹವ್ಯಾಸಿಗಳು ಅಂಥ ಕಲ್ಲನ್ನು 76 ದಿನ ಮೀನಿಲ್ಲದೆ ಇಡುವ ರೂಢಿ ಇದೆ. ಡ್ರೈ ರಾಕ್‌ನಲ್ಲಿ ಈ ಯಾವ ಕಾಟವೂ ಕಲ್ಲಿನಿಂದ ಬರುವುದಿಲ್ಲ, ಆಮೇಲೆ ಕೊಳ್ಳುವ ಹವಳ ಮೀನುಗಳಿಂದ ಬರಬಹುದು ಅಷ್ಟೇ.

ಡ್ರೈ ರಾಕ್ ಕೊಡುವ ಕಾಟ

ಮೊದಲ ತಿಂಗಳ ಕಂದು ಧೂಳು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಸಿಲಿಕೇಟ್ ಮುಗಿದಾಗ ತಾನೇ ಹೋಗುತ್ತದೆ. ಎರಡರಿಂದ ನಾಲ್ಕನೇ ತಿಂಗಳಲ್ಲಿ ಹಸಿರು ಕೂದಲು ಪಾಚಿ, ಕೆಂಪು ಸೈನೋ (ಸೈನೋಬ್ಯಾಕ್ಟೀರಿಯಾ). ಇದು ಬಹಳ ಮಂದಿ ಟ್ಯಾಂಕ್ ಮಾರಲು ಹೊರಡುವ ಹೊತ್ತು. ಖಾಲಿ ಸೈಟಿನಲ್ಲಿ ಮೊದಲು ಕಳೆ ಬರುವ ಹಾಗೆ ಖಾಲಿ ಕಲ್ಲಿನ ಮೇಲೂ ಬೇಗ ಬೆಳೆಯುವುದೇ ಮೊದಲು ಹತ್ತುತ್ತದೆ. ದಿನಕ್ಕೆ 6–7 ಗಂಟೆಗಿಂತ ಹೆಚ್ಚು ದೀಪ ಬೇಡ, ಕೈಯಿಂದ ಕೀಳಿ, ಟರ್ಬೊ ಅಥವಾ ಟ್ರೋಕಸ್ ಬಸವನಹುಳು ಮೂರ್ನಾಲ್ಕು ಬಿಡಿ.

ನಿಜಕ್ಕೂ ಹೆದರಬೇಕಾದದ್ದು ಡೈನೊ, ಅಂದರೆ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ. ಕಂದು ಸಿಂಬಳದಂತೆ ಎಳೆ ಎಳೆಯಾಗಿ, ತುದಿಯಲ್ಲಿ ಗುಳ್ಳೆ ಹಿಡಿದುಕೊಂಡು, ಮಧ್ಯಾಹ್ನ ದಟ್ಟವಾಗಿ ಬೆಳಗ್ಗೆ ತೆಳುವಾಗಿ ಕಾಣುತ್ತದೆ. ಡಯಾಟಮ್ಮೋ ಡೈನೊವೋ ಅನುಮಾನವಿದ್ದರೆ ಸ್ವಲ್ಪ ತೆಗೆದು ಟ್ಯಾಂಕಿನ ನೀರಿರುವ ಬಾಟಲಿಯಲ್ಲಿ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ದೀಪದಡಿ ಅರ್ಧ ಗಂಟೆ ಇಡಿ. ಮತ್ತೆ ಒಂದಕ್ಕೊಂದು ಸೇರಿ ಎಳೆ ಕಟ್ಟಿದರೆ ಡೈನೊ. ನೀರು ‘ಶುದ್ಧ’ವಾಗಿರಲೆಂದು ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿದವರ ಟ್ಯಾಂಕಿನಲ್ಲೇ ಇದು ಹೆಚ್ಚು, ಏಕೆಂದರೆ ಪೈಪೋಟಿ ಕೊಡುವ ಪಾಚಿ, ಬ್ಯಾಕ್ಟೀರಿಯಾ ಹಸಿವಿನಿಂದ ಸತ್ತಿರುತ್ತವೆ. ನೈಟ್ರೇಟ್ 5–10, ಫಾಸ್ಫೇಟ್ 0.03–0.1 ಪಿಪಿಎಂ ಉಳಿಸಿಕೊಳ್ಳಿ. ಡೈನೊ ಇರುವಾಗ ಹೊಸ ಬಸವನಹುಳು ಬಿಡಬೇಡಿ, ಕೆಲವು ಜಾತಿಯ ಡೈನೊ ತಿಂದ ಹುಳು ಸಾಯುತ್ತದೆ.

ಕೋರಲೈನ್ ಪಾಚಿಯ ನೇರಳೆ ಬಣ್ಣ ಬರಲು ಆರು ತಿಂಗಳಿಂದ ವರ್ಷ. ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300 ಪಿಪಿಎಂ, ಆಲ್ಕಲಿನಿಟಿ (ಕ್ಷಾರೀಯತೆ) ಅದರ ಅಳತೆಯಾದ ಡಿಕೆಎಚ್‌ನಲ್ಲಿ 8–9ರ ಹತ್ತಿರ ಏರುಪೇರಿಲ್ಲದೆ ನಿಂತಿದ್ದರೆ ಬರುತ್ತದೆ, ಬಾಟಲಿ ಸುರಿದು ಅವಸರಪಡಿಸುವುದು ವ್ಯರ್ಥ.

ಎರಡರ ನಡುವಿನ ದಾರಿ

ಡ್ರೈ ರಾಕ್‌ನ ದೊಡ್ಡ ಕೊರತೆ ಜೀವವೈವಿಧ್ಯ. ಅದನ್ನು ಎರವಲು ತರಬಹುದು. ವರ್ಷಕ್ಕಿಂತ ಹಳೆಯದಾದ, ಡ್ರೈ ರಾಕ್‌ನಿಂದಲೇ ಶುರುವಾದ ಟ್ಯಾಂಕ್ ಇರುವ ಹವ್ಯಾಸಿಗಳ ಪರಿಚಯವಿದ್ದರೆ ಅವರ ಸಂಪಿನಿಂದ (ಅಕ್ವೇರಿಯಂಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಮುಷ್ಟಿಯಷ್ಟು ಸೆರಾಮಿಕ್ ಮೀಡಿಯಾ (ಬ್ಯಾಕ್ಟೀರಿಯಾ ನೆಲೆಸುವ ರಂಧ್ರದ ತುಂಡುಗಳು), ಒಂದು ಲೋಟ ಮೇಲ್ಮರಳು ಕೇಳಿ ತನ್ನಿ. ಅದೇ ಉಪ್ಪುನೀರಿನಲ್ಲಿ ಮುಳುಗಿಸಿ, ಎರಡು ಗಂಟೆಯೊಳಗೆ ಮನೆ ತಲುಪಿಸಿ. ಮೊದಲು ಅವರ ಟ್ಯಾಂಕನ್ನು ಕಣ್ಣಿಟ್ಟು ನೋಡಿ: ಏಪ್ಟೇಸಿಯಾ, ಗುಳ್ಳೆ ಪಾಚಿ, ಮೀನಿನ ಮೈಮೇಲೆ ಬಿಳಿಚುಕ್ಕೆ ಕಂಡರೆ ಕಾಫಿ ಕುಡಿದು ಬರಿಗೈಯಲ್ಲಿ ಬನ್ನಿ. ಅಮೆರಿಕದಲ್ಲಾದರೆ 12 ಕಿಲೋ ಡ್ರೈ ರಾಕ್ ಜೊತೆಗೆ 2 ಕಿಲೋ ಸಾಕಿದ ಲೈವ್ ರಾಕ್ ಸಾಕು. ಆ 2 ಕಿಲೋವನ್ನು ಬೇರೆ ಟಬ್ಬಿನಲ್ಲಿ ತಿಂಗಳು ಗಮನಿಸಿ ಸೇರಿಸುವುದು 14 ಕಿಲೋವನ್ನು ಗಮನಿಸುವುದಕ್ಕಿಂತ ಎಷ್ಟೋ ಸುಲಭ.

ಸೈಕಲ್ ಮುಗಿದ ಡ್ರೈ ರಾಕ್ ಟ್ಯಾಂಕಿಗೆ ಮೊದಲು ಒಂದು ಜೋಡಿ ಸಾಕಣೆಯ ಕ್ಲೌನ್ ಮೀನು. ಕಾನೂನುಬದ್ಧ ಮೂಲದ ಜೋಆಂತಿಡ್‌ನಂಥ ಗಟ್ಟಿಮುಟ್ಟಾದ ಮೆತ್ತನೆ ಹವಳ ಮೂರ್ನಾಲ್ಕು ತಿಂಗಳ ನಂತರ. ಅಂಗಡಿಯಲ್ಲಿ ಎಲ್ಲರ ಕಣ್ಣು ಸೆಳೆಯುವ ಮ್ಯಾಂಡರಿನ್ ಮೀನಿಗೆ ಮಾತ್ರ ಆತುರ ಬೇಡ. ಅದು ದಿನವಿಡೀ ಕಲ್ಲಿನ ಮೇಲಿನ ಕೋಪೆಪಾಡ್ ಎಂಬ ಪುಟಾಣಿ ಜೀವಿಗಳನ್ನು ಹೆಕ್ಕಿ ತಿಂದು ಬದುಕುವಂಥದ್ದು, ಹೊಸ ಒಣ ಕಲ್ಲಿನಲ್ಲಿ ತಿಂಗಳೊಳಗೆ ಹೊಟ್ಟೆ ಬೆನ್ನಿಗಂಟಿ ಸಾಯುತ್ತದೆ. ದೀಪ ಆರಿ ಒಂದು ಗಂಟೆಯ ನಂತರ ಟಾರ್ಚ್ ಬಿಟ್ಟು ನೋಡಿ. ಗಾಜಿನ ಮೇಲೆ, ಕಲ್ಲಿನ ಸಂದಿಗಳಲ್ಲಿ ರವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು ಗುಂಪುಗುಂಪಾಗಿ ಓಡಾಡುತ್ತಿದ್ದು, ವಾರದ ನಂತರ ನೋಡಿದರೂ ಅಷ್ಟೇ ಇದ್ದರೆ, ಆಗ ಆ ಮೀನಿನ ಬಗ್ಗೆ ಯೋಚಿಸಬಹುದು.